ಐಸ್ ಇಟ್ಟು ತೊಳೆದ ರೋಲ್

ವಿಜಯಪುರ, ಮೇ ತಿಂಗಳು. ಹೊತ್ತು ಮುಳುಗಿದರೂ ಕಟ್ಟೆ ಇನ್ನೂ ಸುಡುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಯಿಂದ ನಾನು ಬರೀ ಐಸ್ ತಂದದ್ದು ನೋಡಿ ಸಾವ್ಕಾರ ಕೇಳಿದ, "ಹಾಲು ಎಲ್ಲೋ?"

"ಇದು ಕ್ಯಾಮೆರಾದ ಕಪ್ಪುಬಿಳುಪು ಫಿಲ್ಮ್ ರೋಲ್ ತೊಳೆಯೋಕೆ. ಚಿತ್ರ ಮೂಡಿಸೋ ದ್ರಾವಣ, ಅಂದ್ರೆ ಡೆವಲಪರ್, 20 ಡಿಗ್ರಿ ಇರಬೇಕು. ನಮ್ಮ ಟಾಕಿ ನೀರಿಗೆ ಈಗ ಪುಡಿ ಹಾಕಿದರೆ ಚಹಾನೇ ಆಗುತ್ತದೆ. ಬಾಟಲಿಯನ್ನು ಐಸ್ ಬಕೆಟ್‌ನಲ್ಲಿ ನಿಲ್ಲಿಸಬೇಕು."

"ಮೊಬೈಲಿನಲ್ಲಿ ಬಟನ್ ಒತ್ತಿದರೆ ಕಪ್ಪುಬಿಳುಪು ಬರುತ್ತಲ್ಲ?" ಎಂದರು ಮಾಸ್ತರು.

ಬರುತ್ತದೆ. ಆದರೆ ಬಚ್ಚಲಿನ ಕತ್ತಲಲ್ಲಿ ಕೂತು, ಬರೀ ಬೆರಳಲ್ಲಿ ತಡಕಾಡಿ ಫಿಲ್ಮನ್ನು ಸುರುಳಿಗೆ ಏರಿಸುವ ಮಜಾ ಬರಬೇಕಲ್ಲ! ಕೆಂಪು ದೀಪ ಹಚ್ಚಿಕೋ ಎಂದರು ಮಾಸ್ತರು, ಸಿನಿಮಾದಲ್ಲಿ ನೋಡಿದ್ದು. ಅದು ಕಾಗದಕ್ಕೆ ಪ್ರಿಂಟ್ ಹಾಕುವಾಗ. ಈ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ಅದಕ್ಕೇ ಕಗ್ಗತ್ತಲು. ಅಷ್ಟರಲ್ಲೇ ಅವ್ವ ಬಾಗಿಲು ಬಡಿಯುತ್ತಾಳೆ: "ಅರ್ಧ ತಾಸಾಯ್ತು, ಹೊಟ್ಟೆ ಸರಿ ಇಲ್ವೇನೋ?"

ಸುರುಳಿಯನ್ನು ಬೆಳಕು ನುಸುಳದ ಡಬ್ಬಿಗೆ ಹಾಕಿ ಮುಚ್ಚಿದ ಮೇಲೆ ದೀಪ ಹಚ್ಚಬಹುದು. ಡೆವಲಪರ್ ಸುರಿದು ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಮೇಲೆಕೆಳಗೆ ಮಾಡಬೇಕು. ಬೆಳಕು ಬಿದ್ದ ಕಡೆಯೆಲ್ಲ ಬೆಳ್ಳಿ ಕಪ್ಪಾಗುತ್ತದೆ. ಉಳಿದದ್ದನ್ನು ಆಮೇಲೆ ಸುರಿಯುವ ಹೈಪೋ ದ್ರಾವಣ ಕರಗಿಸುತ್ತದೆ.

"ಬೆಳ್ಳಿನಾ?" ಸಾವ್ಕಾರ ನೆಟ್ಟಗೆ ಕೂತ. "ರೋಲಿಗೆ ಎಷ್ಟು ತೊಲ?"

"ನಿನ್ನ ತಕ್ಕಡಿ ಅಲ್ಲಾಡೋದಿಲ್ಲ, ಬಿಡು."

ಮಾಸ್ತರಿಗೆ ನನ್ನ ಮೊದಲ ರೋಲಿನ ನೆನಪಾಯಿತು. ಗೋಳಗುಮ್ಮಟ ಹತ್ತಿ ಮೇಲಿನ ಗ್ಯಾಲರಿಯಲ್ಲಿ ಶಟರ್ ಒತ್ತಿದ್ದೆ. ಒಂದು ಕ್ಲಿಕ್ ಏಳು ಸಲ ಕೇಳಿಸಿತ್ತು. ಕೌಂಟರ್ 36 ದಾಟಿ 39 ಆದರೂ ರೋಲ್ ಮುಗಿಯಲಿಲ್ಲ. ಲಾಭವೇ ಆಯ್ತು ಅಂದುಕೊಂಡೆ. ತೊಳೆದು ನೋಡಿದರೆ ಗಾಜಿನಂತೆ ಸ್ವಚ್ಛ! ಅಂಚಿನಲ್ಲಿ ಕಂಪನಿಯವರ ನಂಬರು ಮಾತ್ರ ಕರ್ರಗೆ ಮೂಡಿದ್ದವು. ಅಂದರೆ ತೊಳೆದದ್ದು ಸರಿ, ಫಿಲ್ಮಿನ ತುದಿ ಕ್ಯಾಮೆರಾದೊಳಗೆ ಸಿಕ್ಕಿಕೊಂಡಿರಲೇ ಇಲ್ಲ. ಒಂದಿಂಚೂ ಸರಿದಿರಲಿಲ್ಲ.

"ಗುಮ್ಮಟ ಏಳು ಸಲ ಕೂಗಿ ಹೇಳಿದರೂ ನಿನ್ನ ಕ್ಯಾಮೆರಾಕ್ಕೆ ಕೇಳಿಸಲಿಲ್ಲ," ಎಂದು ಮಾಸ್ತರು ನಕ್ಕರು.

ಈ ಸಲ ಹಾಗಾಗಲಿಲ್ಲ. ರಾತ್ರಿ ಹಸಿ ಫಿಲ್ಮನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸಿಕ್ಕಿಸಿ, ಬಲ್ಬಿಗೆ ಹಿಡಿದೆ. ಮೂವರೂ ಕತ್ತು ಚಾಚಿದೆವು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ: ಆಕಾಶ ಕಪ್ಪು, ನೆರಳು ಬೆಳ್ಳಗೆ. ಇಂಥ ಹೊತ್ತಿನಲ್ಲಿ ನನಗೆ ಉಸಿರು ಬಿಡಲೂ ಭಯ, ಧೂಳು ಕೂತರೆ ಕಷ್ಟ.

"ಈ ಬಿಳಿ ಮೀಸೆ ಮುದುಕ ಯಾರು?" ಎಂದ ಸಾವ್ಕಾರ.

"ನೀನೇ."

ಅವನು ಮೀಸೆ ಮುಟ್ಟಿಕೊಂಡು ಪಿಸುಗುಟ್ಟಿದ: "ಬಣ್ಣ ಹಚ್ಚಿದ್ದು ಇದಕ್ಕೆ ಹೇಗೆ ಗೊತ್ತಾಯ್ತೋ?"