8 ಎಂಬಿ ರ‍್ಯಾಮ್ ಬೋರ್ಡ್ ಮೇಲೆ ಲಿನಕ್ಸ್: ಶೆಲ್ ಬಂತು, ನನ್ನ ಪ್ರೋಗ್ರಾಂ ಸರಿಯಾಗಿ ಓಡುತ್ತಿಲ್ಲ

ಸೆನ್ಸಾರ್‌ಪ್ರಿಯ:

ಎಲ್ಲರಿಗೂ ನಮಸ್ಕಾರ. ಎಸ್‌ಟಿಎಂ32ಎಫ್429 ಡಿಸ್ಕವರಿ ಬೋರ್ಡ್ ಮೇಲೆ ಲಿನಕ್ಸ್ ಓಡಿಸುತ್ತಿದ್ದೇನೆ. ಕಾರ್ಟೆಕ್ಸ್-ಎಂ4, 180 ಮೆಗಾಹರ್ಟ್ಸ್, 2 ಎಂಬಿ ಫ್ಲ್ಯಾಶ್, ಚಿಪ್ ಒಳಗೆ 256 ಕೆಬಿ ರ‍್ಯಾಮ್, ಹೊರಗೆ 8 ಎಂಬಿ ಎಸ್‌ಡಿರ‍್ಯಾಮ್. ಬಿಲ್ಡ್‌ರೂಟ್‌ನಲ್ಲಿ (ಚಿಕ್ಕ ಬೋರ್ಡ್‌ಗಳಿಗೆ ಲಿನಕ್ಸ್ ಬಿಲ್ಡ್ ಮಾಡುವ ಟೂಲ್) ಈ ಬೋರ್ಡ್‌ಗೆ ಸಿದ್ಧ ಡೆಫ್‌ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಇದೆ, ಅದನ್ನೇ ಬಿಲ್ಡ್ ಮಾಡಿ ಫ್ಲ್ಯಾಶ್‌ಗೆ ಹಾಕಿದೆ. ಸೀರಿಯಲ್ ಮೇಲೆ ಶೆಲ್ ಬಂದಾಗ ಆದ ಖುಷಿ ಹೇಳತೀರದು.

ಈಗ ಪ್ರಶ್ನೆ. ನನ್ನ ಹತ್ತಿರ ಒಂದು ಸಿ ಪ್ರೋಗ್ರಾಂ ಇದೆ. ಎಸ್‌ಪಿಐ ಮೇಲೆ ಕಂಪನದ ಸೆನ್ಸಾರ್ ಓದುತ್ತದೆ, 600 ಕೆಬಿ ಬಫರ್ ತುಂಬಿಸುತ್ತದೆ, ಲೆಕ್ಕ ಹಾಕಿ ಫಲಿತಾಂಶ ಕಳಿಸುತ್ತದೆ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತದೆ. ಇಲ್ಲಿ ಮೊದಲು ಲಿಂಕರ್ ಹಂತದಲ್ಲೇ ಫೋರ್ಕ್ (ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿ ಮಾಡಿಕೊಳ್ಳುವ ಫಂಕ್ಷನ್) ಸಿಗುತ್ತಿಲ್ಲ ಎಂದು ನಿಂತಿತು. ಆ ಭಾಗ ತೆಗೆದು ಬಿಲ್ಡ್ ಮಾಡಿದೆ. ಬೂಟ್ ಆದ ತಕ್ಷಣ ಓಡಿಸಿದರೆ ಸರಿ. ಆದರೆ ಶೆಲ್‌ನಲ್ಲಿ ಸ್ವಲ್ಪ ಹೊತ್ತು ಅದೂ ಇದೂ ಮಾಡಿ ಆಮೇಲೆ ಓಡಿಸಿದರೆ "ಪೇಜ್ ಅಲೊಕೇಷನ್ ಫೇಲ್ಯೂರ್: ಆರ್ಡರ್:8" ಅಂತ ಬಂದು ಮ್ಯಾಲಕ್ (ಮೆಮೊರಿ ಕೇಳುವ ಫಂಕ್ಷನ್) ಸೋಲುತ್ತದೆ. ಫ್ರೀ ಕಮಾಂಡ್ ನೋಡಿದರೆ 2.5 ಎಂಬಿ ಖಾಲಿ ಇದೆ! ಇದರ ಮೇಲೆ, ಲೆಕ್ಕ ಹಾಕುವ ಫಂಕ್ಷನ್‌ಗೆ ಹೋದಾಗ ಕೆಲವೊಮ್ಮೆ ಇಡೀ ಬೋರ್ಡೇ ಸ್ತಬ್ಧವಾಗುತ್ತದೆ. ಆ ಫಂಕ್ಷನ್ ಒಳಗೆ 2048 ಸಂಖ್ಯೆಗಳ ಒಂದು ಲೋಕಲ್ ಅರೇ ಇದೆ, ಅಷ್ಟೇ.

ಇದು ಕರ್ನಲ್ ಬಗ್ ಆಗಿರಬಹುದಾ? ಮುಂದುವರಿಯಬೇಕಾ, ಲಿನಕ್ಸ್ ಬಿಟ್ಟು ಬೇರೆ ದಾರಿ ಹಿಡಿಯಬೇಕಾ?

ಹಳೇಕರ್ನಲ್:

ಕರ್ನಲ್ ಬಗ್ ಅಲ್ಲ. ಮೂರೂ ತೊಂದರೆಗೆ ಬೇರು ಒಂದೇ: ನಿಮ್ಮ ಚಿಪ್‌ನಲ್ಲಿ ಎಂಎಂಯು (ಪ್ರೋಗ್ರಾಂ ಬಳಸುವ ವಿಳಾಸವನ್ನು ರ‍್ಯಾಮ್‌ನ ನಿಜ ವಿಳಾಸಕ್ಕೆ ಜೋಡಿಸುವ ಭಾಗ) ಇಲ್ಲ. ಎಂ4ನಲ್ಲಿ ಎಂಪಿಯು ಇದೆ, ಆದರೆ ಅದು ಯಾವ ವಿಳಾಸವನ್ನು ಯಾರು ಮುಟ್ಟಬಹುದು ಎಂದಷ್ಟೇ ಹೇಳಬಲ್ಲದು. ಒಂದು ವಿಳಾಸವನ್ನು ಇನ್ನೊಂದಾಗಿ ತೋರಿಸಲು ಅದಕ್ಕೆ ಆಗುವುದಿಲ್ಲ. ನಮಗೆ ಗೊತ್ತಿರುವ ಲಿನಕ್ಸ್‌ನ ಅರ್ಧ ನಡವಳಿಕೆ ನಿಂತಿರುವುದೇ ಆ ತೋರಿಸುವ ಕೆಲಸದ ಮೇಲೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫೋರ್ಕ್ ಬೇಗ ಮುಗಿಯುವ ವಿಷಯ. ಫೋರ್ಕ್ ಮಾಡಿದರೆ ತಂದೆ, ಮಗು ಇಬ್ಬರಿಗೂ ಅದೇ ವಿಳಾಸಗಳಲ್ಲಿ ಬೇರೆ ಬೇರೆ ಡೇಟಾ ಕಾಣಬೇಕು. ಎಂಎಂಯು ಇಲ್ಲದೆ ಅದು ಸಾಧ್ಯವಿಲ್ಲ. ಅದಕ್ಕೇ ಇಲ್ಲಿನ ಸಿ ಲೈಬ್ರರಿ ಯುಸಿಲಿಬ್‌ಸಿ-ಎನ್‌ಜಿ ಈ ಬೋರ್ಡ್‌ಗೆ ಫೋರ್ಕ್ ಕೊಡುವುದೇ ಇಲ್ಲ. ವಿಫೋರ್ಕ್ ಇದೆ: ಮಗು ಎಕ್ಸೆಕ್ ಮಾಡುವವರೆಗೆ (ಬೇರೊಂದು ಪ್ರೋಗ್ರಾಂ ಆಗಿ ಬದಲಾಗುವವರೆಗೆ) ತಂದೆ ನಿಂತಿರುತ್ತದೆ, ಮಗು ತಂದೆಯ ಸ್ಟ್ಯಾಕ್ ಮೇಲೆಯೇ ಓಡುತ್ತದೆ. ನಿಮ್ಮ ಪ್ರೋಗ್ರಾಂ ಬೇರೊಂದು ಪ್ರೋಗ್ರಾಂ ಶುರು ಮಾಡಲು ಫೋರ್ಕ್ ಬಳಸುತ್ತಿದ್ದರೆ ವಿಫೋರ್ಕ್ ಸಾಕು. ಓದುವವನು, ಬರೆಯುವವನು ಅಂತ ಎರಡು ಪ್ರಾಸೆಸ್ ಮಾಡಲು ಬಳಸುತ್ತಿದ್ದರೆ ಥ್ರೆಡ್‌ಗೆ ಬದಲಾಯಿಸಿ. ಟೂಲ್‌ಚೈನ್‌ನಲ್ಲಿ ಥ್ರೆಡ್ ಆನ್ ಇದೆಯಾ ನೋಡಿಕೊಳ್ಳಿ. (ನಿಮ್ಮ ಶೆಲ್ ಕೂಡ ಆ್ಯಶ್ ಅಲ್ಲ, ಹಶ್. ಆ್ಯಶ್‌ಗೆ ಫೋರ್ಕ್ ಬೇಕೇ ಬೇಕು.)

ಬೋರ್ಡ್ ಸ್ತಬ್ಧವಾಗುವುದು ಸ್ಟ್ಯಾಕ್‌ನಿಂದ. 2048 ಸಂಖ್ಯೆ, ಒಂದಕ್ಕೆ 4 ಬೈಟ್ ಅಂದರೆ 8 ಕೆಬಿ ಆಯಿತು. ಎಲ್ಫ್‌ಟುಫ್ಲ್ಯಾಟ್ (ಪ್ರೋಗ್ರಾಂ ಅನ್ನು ಎಂಎಂಯು ಇಲ್ಲದ ಲಿನಕ್ಸ್‌ಗೆ ಬೇಕಾದ ಫ್ಲ್ಯಾಟ್ ಬೈನರಿ ರೂಪಕ್ಕೆ ತರುವ ಟೂಲ್) ಮೊದಲೇ ಇಟ್ಟುಕೊಂಡಿರುವ ಸ್ಟ್ಯಾಕ್ 4 ಕೆಬಿ. ಡೆಸ್ಕ್‌ಟಾಪ್‌ನಲ್ಲಿ ಸ್ಟ್ಯಾಕ್ ಬೇಕಾದಂತೆ ಬೆಳೆಯುತ್ತದೆ, ಮಿತಿ ಮೀರಿದರೆ ಸೆಗ್‌ಫಾಲ್ಟ್ ಬರುತ್ತದೆ. ಇಲ್ಲಿ ಅದು ಬೆಳೆಯುವುದೂ ಇಲ್ಲ, ತಡೆಯುವವರೂ ಇಲ್ಲ. ಸ್ಟ್ಯಾಕ್ ಸುಮ್ನೆ ಕೆಳಗಿಳಿದು ನಿಮ್ಮದೇ ಗ್ಲೋಬಲ್ ಡೇಟಾ ಮೇಲೆ ಬರೆಯುತ್ತದೆ. ಅಲ್ಲಿ ಕೆಟ್ಟ ಪಾಯಿಂಟರ್ ಎಲ್ಲಿಗೆ ಬೇಕಾದರೂ ಬರೆಯಬಹುದು, ಕರ್ನಲ್‌ನ ಡೇಟಾ ಮೇಲೂ. ಲಿಂಕರ್ ಆಯ್ಕೆಯಲ್ಲಿ ಸ್ಟ್ಯಾಕ್ ಗಾತ್ರ 32768 ಅಂತ ಕೊಡಿ, ಅಥವಾ ಆ ಅರೇಯನ್ನು ಸ್ಟ್ಯಾಟಿಕ್ ಮಾಡಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಆಗ ಎಷ್ಟು ಜಾಗ ಬೇಕು ಎಂಬುದು ಬಿಲ್ಡ್ ಮಾಡುವಾಗಲೇ ಗೊತ್ತಾಗುತ್ತದೆ.

ಈಗ ಮೆಮೊರಿ. ಇದೇ ಮುಖ್ಯ. ದಯವಿಟ್ಟು ಪ್ರೋಗ್ರಾಂ ಸೋತ ತಕ್ಷಣ ಪ್ರೊಕ್ ಫೋಲ್ಡರ್‌ನ ಬಡ್ಡಿಇನ್ಫೋ ಫೈಲ್ ತೆರೆದು ಇಲ್ಲಿ ಹಾಕಿ. ಫ್ರೀ ಕಮಾಂಡ್ ಹೇಳುವ ಒಟ್ಟು ಮೊತ್ತ ಈ ಬೋರ್ಡ್ ಮೇಲೆ ಏನನ್ನೂ ಹೇಳುವುದಿಲ್ಲ.

ಮೂರುವೋಲ್ಟ್:

ಅವರು ಹೇಳಿದ್ದೆಲ್ಲ ಸರಿ. ಆದರೆ ಕೊನೆಯ ಪ್ರಶ್ನೆಗೆ ನನ್ನ ಉತ್ತರ ನೇರ: ಈ ಕೆಲಸಕ್ಕೆ ಲಿನಕ್ಸ್ ಬೇಡ. ಒಂದು ಸೆನ್ಸಾರ್, ಒಂದು ಬಫರ್, ಒಂದು ಸೀರಿಯಲ್ ಪೋರ್ಟ್. ಝೆಫಿರ್ ಅಥವಾ ನಟ್‌ಎಕ್ಸ್‌ನಂಥ ಆರ್‌ಟಿಓಎಸ್‌ಗಳು (ಮೈಕ್ರೋಕಂಟ್ರೋಲರ್‌ಗಳ ಚಿಕ್ಕ ಆಪರೇಟಿಂಗ್ ಸಿಸ್ಟಂಗಳು) ಇದನ್ನು ಆರಾಮವಾಗಿ ಮಾಡುತ್ತವೆ. ನಟ್‌ಎಕ್ಸ್‌ನಲ್ಲಿ ಪಾಸಿಕ್ಸ್ (ಲಿನಕ್ಸ್ ಥರದ) ಫಂಕ್ಷನ್‌ಗಳೇ ಇವೆ, ಶೆಲ್ ಕೂಡ ಇದೆ. ನಿಮ್ಮ ಸಿ ಕೋಡ್ ಬಹುಪಾಲು ಹಾಗೇ ಬರುತ್ತದೆ.

ಮುಂದೆ ಬ್ಯಾಟರಿ ಮೇಲೆ ಓಡಿಸುವ ಯೋಚನೆ ಇದ್ದರಂತೂ ಕೇಳುವುದೇ ಬೇಡ. ಚಿಪ್ ಮಲಗಿದರೂ ಎಸ್‌ಡಿರ‍್ಯಾಮ್‌ಗೆ ರಿಫ್ರೆಶ್ ಬೇಕು, ಇಲ್ಲದಿದ್ದರೆ ಕರ್ನಲ್‌ನ ಡೇಟಾ ಇರುವ ಜಾಗವೇ ಅಳಿಸಿಹೋಗುತ್ತದೆ. ಆರ್‌ಟಿಓಎಸ್ ಆದರೆ ಒಳಗಿನ 256 ಕೆಬಿಯಲ್ಲೇ ಮುಗಿಯುತ್ತದೆ. ಬಫರ್ ಚಿಕ್ಕದು ಮಾಡಿದರೆ ಹೊರಗಿನ ರ‍್ಯಾಮ್ ಬೇಡವೇ ಬೇಡ.

ರಿಸ್ಕ್‌ಐದು:

ಲಿನಕ್ಸೇ ಬೇಕು ಅಂದರೆ ಎಂಎಂಯು ಇರುವ ಚಿಪ್‌ಗೆ ಹೋಗಿ. ಆಲ್‌ವಿನ್ನರ್ ಎಫ್1ಸಿ200ಎಸ್ ನೋಡಿ: ಎಆರ್‌ಎಂ926 ಕೋರ್, ಪ್ಯಾಕೇಜ್ ಒಳಗೇ 64 ಎಂಬಿ ಡಿಡಿಆರ್. ಮೈಕ್ರೋಕಂಟ್ರೋಲರ್ ಥರವೇ ಬೆಸುಗೆ ಹಾಕಬಹುದು, ಮೆಮೊರಿಗೆ ಬೇರೆ ಟ್ರ್ಯಾಕ್ ಎಳೆಯಬೇಕಿಲ್ಲ. ಅಲ್ಲಿ ಫೋರ್ಕ್ ಫೋರ್ಕೇ.

ಹಾಗಂತ ಚಿಕ್ಕ ಚಿಪ್ ಮೇಲೆ ಲಿನಕ್ಸ್ ಓಡಿಸುವವರನ್ನು ಕಂಡರೆ ನನಗೆ ಗೌರವವೇ. 2012ರಲ್ಲಿ ಡಿಮಿಟ್ರಿ ಗ್ರಿನ್‌ಬರ್ಗ್ 8 ಬಿಟ್‌ನ ಎಟಿಮೆಗಾ1284ಪಿ ಮೇಲೆ ಎಆರ್‌ಎಂ ಎಮ್ಯುಲೇಟರ್ ಬರೆದು, ಹಳೆಯ ಕಂಪ್ಯೂಟರ್‌ಗಳ ಸಿಮ್ (ಎಸ್‌ಐಎಂಎಂ) ರ‍್ಯಾಮ್ ಜೋಡಿಸಿ ಲಿನಕ್ಸ್ ಬೂಟ್ ಮಾಡಿದರು. ಶೆಲ್ ಪ್ರಾಂಪ್ಟ್ ಬರಲು ಸುಮಾರು 2 ಗಂಟೆ ಬೇಕಿತ್ತು. ಈಗ 8 ಎಂಬಿ ಪಿಎಸ್‌ರ‍್ಯಾಮ್ ಇರುವ ಇಎಸ್‌ಪಿ32-ಎಸ್3 ಮೇಲೆ ಎಮ್ಯುಲೇಟರ್ ಇಲ್ಲದೆಯೇ ಓಡುತ್ತದೆ. ಕೆ210 ಎಂಬ ರಿಸ್ಕ್-ವಿ ಚಿಪ್‌ನ ಕಥೆ ಇನ್ನೂ ಸ್ವಾರಸ್ಯ. ಅದರಲ್ಲಿ ಎಂಎಂಯು ಇದೆ, ಆದರೆ ರಿಸ್ಕ್-ವಿಯ ಹಳೆಯ ಕರಡು ನಿಯಮದ ಪ್ರಕಾರ ಮಾಡಿದ್ದು. ಹಾಗಾಗಿ ಲಿನಕ್ಸ್ ಅದನ್ನು ಮುಟ್ಟದೆ, ಎಂಎಂಯು ಇಲ್ಲದ ಚಿಪ್ ಅಂತಲೇ ಓಡುತ್ತದೆ.

ಸೆನ್ಸಾರ್‌ಪ್ರಿಯ:

ಅರೇಯನ್ನು ಸ್ಟ್ಯಾಟಿಕ್ ಮಾಡಿದೆ, ಬೋರ್ಡ್ ನಿಲ್ಲುವುದು ಹೋಯಿತು. ತುಂಬಾ ಧನ್ಯವಾದ. ಬ್ಯಾಟರಿ ಯೋಚನೆ ಇಲ್ಲ, ಬೋರ್ಡ್ ಯಾವಾಗಲೂ ಕರೆಂಟ್ ಮೇಲೆಯೇ ಇರುತ್ತದೆ. ಲಿನಕ್ಸ್ ಯಾಕೆ ಅಂದರೆ, ಕರ್ನಲ್ ಒಳಗೆ ಏನು ನಡೆಯುತ್ತದೆ ಅಂತ ಕೈಯಾರೆ ಮಾಡಿ ಕಲಿಯಬೇಕು.

ಬಡ್ಡಿಇನ್ಫೋ ಸಾಲು ಇಲ್ಲಿದೆ:

ನೋಡ್ 0, ಝೋನ್ ನಾರ್ಮಲ್: 19 14 11 9 6 4 2 1 0 0 0

ಹಳೇಕರ್ನಲ್:

ಈ ಒಂದು ಸಾಲಿನಲ್ಲೇ ಎಲ್ಲ ಇದೆ. ಎಡದಿಂದ ಓದಿ. ಮೊದಲ ಅಂಕಿ 4 ಕೆಬಿ ತುಂಡುಗಳು ಎಷ್ಟು ಖಾಲಿ ಇವೆ ಎಂದು ಹೇಳುತ್ತದೆ: 19. ಮುಂದಿನದು 8 ಕೆಬಿ ತುಂಡು: 14. ಹೀಗೆ ಪ್ರತಿ ಹೆಜ್ಜೆಗೂ ಗಾತ್ರ ದುಪ್ಪಟ್ಟು. ಎಂಟನೆಯ ಅಂಕಿ 512 ಕೆಬಿ ತುಂಡು, ಒಂದೇ ಒಂದು ಉಳಿದಿದೆ. ಅದರ ನಂತರದ್ದು 1 ಎಂಬಿ: ಸೊನ್ನೆ. ಎಲ್ಲ ಕೂಡಿಸಿದರೆ 2572 ಕೆಬಿ, ಅಂದರೆ ನೀವು ಹೇಳಿದ 2.5 ಎಂಬಿ. ಲೆಕ್ಕ ಸರಿಯಾಗಿಯೇ ಇದೆ.

ನಿಮಗೆ ಬೇಕಾದ್ದು 600 ಕೆಬಿ, ಅದೂ ಒಂದೇ ಸಾಲಿನಲ್ಲಿ. ಎಂಎಂಯು ಇದ್ದಿದ್ದರೆ 150 ಬಿಡಿ ಪುಟಗಳನ್ನು (ಪುಟ ಅಂದರೆ 4 ಕೆಬಿ ತುಂಡು) ಎಲ್ಲಿಂದಲೋ ತಂದು ಪಕ್ಕಪಕ್ಕ ಇರುವಂತೆ ತೋರಿಸುತ್ತಿತ್ತು. ಇಲ್ಲಿ ನಿಜವಾಗಿಯೂ ಪಕ್ಕಪಕ್ಕ ಇರಬೇಕು. ಕರ್ನಲ್ 512ಕ್ಕಿಂತ ಮೇಲಿನ ಗಾತ್ರ ಹುಡುಕುತ್ತದೆ, ಅದು 1 ಎಂಬಿ, ಅದೇ ಆರ್ಡರ್ 8. ಸಿಕ್ಕಿದ್ದರೆ ಹೆಚ್ಚಿಗೆ ಉಳಿದದ್ದನ್ನು ಕತ್ತರಿಸಿ ವಾಪಸ್ ಕೊಡುತ್ತಿತ್ತು. ಆದರೆ ಮೊದಲು ಇಡೀ ತುಂಡು ಸಿಗಬೇಕು ಅಲ್ವಾ? ಖಾಲಿ ಪುಟಗಳನ್ನು ಒಂದು ಕಡೆ ಸರಿಸಿಕೊಳ್ಳುವ ಕಂಪ್ಯಾಕ್ಷನ್ ಕೂಡ ಇಲ್ಲಿಲ್ಲ. ಪುಟ ಸರಿಸಿದರೆ ಅದರ ವಿಳಾಸ ಬದಲಾಗುತ್ತದೆ, ಪ್ರೋಗ್ರಾಂ ಕೈಯಲ್ಲಿ ಹಳೆಯ ಪಾಯಿಂಟರ್ ಇರುತ್ತದೆ.

ಹಾಗಾದರೆ ಬೂಟ್ ಆದ ತಕ್ಷಣ ಯಾಕೆ ಓಡಿತು? ಆಗ ಇನ್ನೂ ಯಾರೂ ತುಂಡು ಮಾಡಿರಲಿಲ್ಲ. ನಿಮ್ಮ ರೂಟ್ ಫೈಲ್‌ಸಿಸ್ಟಂ ಇನಿಟ್‌ರ‍್ಯಾಮ್‌ಎಫ್‌ಎಸ್, ಅಂದರೆ ಬಿಝಿಬಾಕ್ಸ್ (ಶೆಲ್ ಮತ್ತು ಸಾಮಾನ್ಯ ಕಮಾಂಡ್‌ಗಳ ಪ್ರೋಗ್ರಾಂ) ಫೈಲ್ ಆಗಲೇ ರ‍್ಯಾಮ್‌ನಲ್ಲಿದೆ. ಸಾಮಾನ್ಯ ಫ್ಲ್ಯಾಟ್ ಬೈನರಿ ಆದರೆ ಪ್ರತಿ ಸಲ ಓಡಿಸಿದಾಗಲೂ ಅದರ ಇನ್ನೊಂದು ಪೂರ್ತಿ ಪ್ರತಿ ರ‍್ಯಾಮ್‌ಗೆ ಬರುತ್ತದೆ. ಬಿಝಿಬಾಕ್ಸ್‌ನ ಎಲ್ಲ ಕಮಾಂಡ್‌ಗಳೂ ಒಂದೇ ಫೈಲ್ ಎಂಬುದು ನೆನಪಿರಲಿ. ಮೂರು ಕಮಾಂಡ್‌ಗಳನ್ನು ಪೈಪ್‌ನಲ್ಲಿ ಜೋಡಿಸಿದರೆ ಆ ಕ್ಷಣಕ್ಕೆ ಮೂರು ಪ್ರತಿಗಳು, ಜೊತೆಗೆ ಶೆಲ್‌ನದ್ದು. ಮುಗಿದ ಮೇಲೆ ಜಾಗ ವಾಪಸ್ ಬರುತ್ತದೆ, ನಿಜ. ಆದರೆ ಅಷ್ಟರಲ್ಲಿ ಕರ್ನಲ್ ತನ್ನ ಕೆಲಸಕ್ಕೆ ನಡುವೆ ಒಂದೇ ಒಂದು ಪುಟ ಹಿಡಿದಿದ್ದರೂ ಅಕ್ಕಪಕ್ಕದ ತುಂಡುಗಳು ಮತ್ತೆ ಕೂಡುವುದಿಲ್ಲ.

ಮೂರುವೋಲ್ಟ್ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಇದೇ ಕೆಲಸ ನೂರಾರು ಬೋರ್ಡ್‌ಗಳಲ್ಲಿ ವರ್ಷಗಟ್ಟಲೆ ನಡೆಯಬೇಕು ಅಂದರೆ ನಾನೂ ಆರ್‌ಟಿಓಎಸ್‌ಗೇ ಹೋಗುತ್ತೇನೆ. ಆದರೆ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ದೊಡ್ಡ ಕಂಪ್ಯೂಟರ್‌ನಲ್ಲಿ ಎಂಎಂಯು ಎಲ್ಲವನ್ನೂ ಮುಚ್ಚಿಡುತ್ತದೆ. ಇಲ್ಲಿ ಕರ್ನಲ್ ಜಾಗ ಕೊಡುವುದು, ಕಳೆದುಕೊಳ್ಳುವುದು ಒಂದೊಂದು ಪುಟದ ಮಟ್ಟದಲ್ಲಿ ಕಣ್ಣಿಗೆ ಕಾಣುತ್ತದೆ. 1998ರಲ್ಲಿ ಯುಸಿಲಿನಕ್ಸ್ (ಎಂಎಂಯು ಇಲ್ಲದ ಚಿಪ್‌ಗಳ ಲಿನಕ್ಸ್) ಶುರು ಮಾಡಿದವರು ಪಾಮ್‌ಪೈಲಟ್‌ನ ಡ್ರ್ಯಾಗನ್‌ಬಾಲ್ ಚಿಪ್ ಮೇಲೆ ಎದುರಿಸಿದ್ದೂ ಇದನ್ನೇ.

ನಿಮ್ಮ ಬಫರ್‌ಗೆ ಸುಲಭದ ದಾರಿ: ಪ್ರೋಗ್ರಾಂ ಅನ್ನು ಇನಿಟ್‌ಟ್ಯಾಬ್‌ನಿಂದ (ಬೂಟ್ ಆದಾಗ ಏನೇನು ಶುರುವಾಗಬೇಕು ಎಂಬ ಪಟ್ಟಿ) ಎಲ್ಲಕ್ಕಿಂತ ಮೊದಲು ಶುರು ಮಾಡಿ, ಬಫರ್ ಒಮ್ಮೆ ತೆಗೆದುಕೊಂಡರೆ ಬಿಡಬೇಡಿ. ಕೊರತೆ ಏನೆಂದರೆ, ಪ್ರೋಗ್ರಾಂ ಒಮ್ಮೆ ಸತ್ತು ಮತ್ತೆ ಶುರುವಾಗುವಷ್ಟರಲ್ಲಿ ಆ ಜಾಗ ಹೋಗಿರಬಹುದು.

ಸೆನ್ಸಾರ್‌ಪ್ರಿಯ:

ಇನಿಟ್‌ಟ್ಯಾಬ್‌ಗೆ ಹಾಕಿದೆ, ಓಡುತ್ತಿದೆ! ಈಗ ನೀವು ಹೇಳಿದ ಕೊರತೆಯೇ ಉಳಿದಿದೆ. ಪರೀಕ್ಷೆ ಮಾಡುವಾಗ ಪ್ರೋಗ್ರಾಂ ಪದೇ ಪದೇ ನಿಲ್ಲಿಸಿ ಶುರು ಮಾಡುತ್ತೇನೆ. ಪ್ರತಿ ಸಲ ರೀಬೂಟ್ ಮಾಡಬೇಕಾ? ಕೋಡ್ ಅನ್ನು ಫ್ಲ್ಯಾಶ್‌ನಿಂದಲೇ ಓಡಿಸಿದರೆ ರ‍್ಯಾಮ್ ಉಳಿಯುತ್ತದೆ ಅಂತಾರಲ್ಲ, ಅದು ಆಗುತ್ತದಾ?

ಹಳೇಕರ್ನಲ್:

ಕರ್ನಲ್ ಆಗಲೇ ಫ್ಲ್ಯಾಶ್‌ನಿಂದಲೇ ಓಡುತ್ತಿದೆ, ಅದಕ್ಕೇ 8 ಎಂಬಿಯಲ್ಲಿ ಇಷ್ಟಾದರೂ ಉಳಿದಿದೆ. ಪ್ರೋಗ್ರಾಂಗಳನ್ನೂ ಹಾಗೆ ಓಡಿಸಲು ಕ್ರ್ಯಾಮ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಬಳಸಬಹುದು. ಆದರೆ 2 ಎಂಬಿ ಫ್ಲ್ಯಾಶ್‌ನಲ್ಲಿ ಕರ್ನಲ್ ಜೊತೆ ಬಿಝಿಬಾಕ್ಸ್ ಅನ್ನೂ ಕಂಪ್ರೆಸ್ ಮಾಡದೆ ತುರುಕಬೇಕು, ತುಂಬಾ ಇಕ್ಕಟ್ಟು. ಇನ್ನೊಂದು ದಾರಿ ಎಫ್‌ಡಿಪಿಕ್ ಬೈನರಿ, ಫ್ಲ್ಯಾಟ್ ಬದಲು ಇನ್ನೊಂದು ಬೈನರಿ ರೂಪ. ಜಿಸಿಸಿ 10ರಿಂದ ಎಆರ್‌ಎಂಗೆ ಬೆಂಬಲ ಇದೆ. ಒಂದೇ ಪ್ರೋಗ್ರಾಂ ಹಲವು ಸಲ ಓಡುತ್ತಿದ್ದರೂ ಕೋಡ್ ಭಾಗದ ಒಂದೇ ಪ್ರತಿ ಸಾಕು. ಬಿಡುವಾದಾಗ ಪ್ರಯತ್ನಿಸಿ, ಅದಕ್ಕೆ ಟೂಲ್‌ಚೈನ್ ಮತ್ತೆ ಬಿಲ್ಡ್ ಆಗಬೇಕು.

ರೀಬೂಟ್ ತಪ್ಪಿಸಲು ಇದನ್ನು ಮಾಡಿ. ಡಿವೈಸ್ ಟ್ರೀಯಲ್ಲಿ (ಬೋರ್ಡ್ ಮೇಲೆ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ಮೆಮೊರಿ ಹೆಕ್ಸ್ ವಿಳಾಸ 90000000ದಿಂದ 8 ಎಂಬಿ ಅಂತ ಇದೆ. ಅದನ್ನು 7 ಎಂಬಿ ಮಾಡಿ. ಕೊನೆಯ 1 ಎಂಬಿ ಇದೆ ಎಂಬುದೇ ಕರ್ನಲ್‌ಗೆ ಗೊತ್ತಿರುವುದಿಲ್ಲ, ಅದು ಯಾರಿಗೂ ಕೊಡುವುದೂ ಇಲ್ಲ. ನಿಮ್ಮ ಪ್ರೋಗ್ರಾಂನಲ್ಲಿ ಮ್ಯಾಲಕ್ ತೆಗೆದು, ಪಾಯಿಂಟರ್‌ಗೆ ನೇರವಾಗಿ ಹೆಕ್ಸ್ 90700000 ಕೊಡಿ. ಎಂಎಂಯು ಇಲ್ಲ, ಹಾಗಾಗಿ ಪ್ರೋಗ್ರಾಂಗೆ ಕಾಣುವ ವಿಳಾಸವೇ ಚಿಪ್‌ನ ವಿಳಾಸ. ಎಷ್ಟು ಸಲ ನಿಲ್ಲಿಸಿ ಶುರು ಮಾಡಿದರೂ ಬಫರ್ ಅಲ್ಲೇ ಇರುತ್ತದೆ. ಪ್ರೋಗ್ರಾಂ ಅರ್ಧದಲ್ಲಿ ಸತ್ತರೂ ಅಲ್ಲಿಯವರೆಗೆ ತುಂಬಿದ ಡೇಟಾ ಹಾಗೇ ಉಳಿದಿರುತ್ತದೆ, ಪರೀಕ್ಷೆಗೆ ಇದು ಬಹಳ ಅನುಕೂಲ.

ಆ ವಿಳಾಸವನ್ನು ಕೋಡ್‌ನ ನಡುವೆ ಹೂತಿಡಬೇಡಿ, ಒಂದು ಹೆಡರ್ ಫೈಲ್‌ನಲ್ಲಿ ಇಡಿ. ಇದೇ ಪ್ರೋಗ್ರಾಂ ಅನ್ನು ಮುಂದೆ ಎಫ್1ಸಿ200ಎಸ್ ಮೇಲೆ ಓಡಿಸಿದರೆ ಮೊದಲ ಬೈಟ್ ಬರೆಯುವಾಗಲೇ ಸೆಗ್‌ಫಾಲ್ಟ್ ಬರುತ್ತದೆ, ಅಲ್ಲಿ ಮತ್ತೆ ಮ್ಯಾಲಕ್ ಹಾಕಬೇಕಾಗುತ್ತದೆ.