ಕ್ಲಬ್‌ಹೌಸ್ ಗೋಡೆಗೆ ಸೈನಿಕ ಅಜ್ಜಂದಿರ ಫೋಟೊ: ಹಾಕಿದವರ ಅನುಭವ

ಕೇಳಿದ್ದು
ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಹದಿನೈದು ಮನೆಗಳಲ್ಲಿ ಅಜ್ಜನೋ ಮುತ್ತಜ್ಜನೋ ಸೈನ್ಯದಲ್ಲಿದ್ದವರು. ಅವರ ಫೋಟೊಗಳನ್ನು ಕ್ಲಬ್‌ಹೌಸ್‌ನಲ್ಲಿ ಹಾಕೋಣ ಅಂದೆ. "ಸೀಮಂತ, ಬರ್ತ್‌ಡೇ ನಡೆಯೋ ಹಾಲ್‌ನಲ್ಲಿ ತೀರಿಕೊಂಡವರ ಫೋಟೊ ಯಾಕೆ?" ಅಂತ ಮೀಟಿಂಗ್‌ನಲ್ಲಿ ಕೆಲವರು ಕೇಳಿದರು. ಬೇಸರವಾಯಿತು. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದಲೇ ಒಬ್ಬರು
ನಮ್ಮಲ್ಲೂ ಇದೇ ಮಾತು ಬಂತು. ಅದನ್ನು ತಳ್ಳಿಹಾಕಬೇಡಿ. ಫೋಟೊಗೆ ಹಾರ ಬಿತ್ತು ಅಂದರೆ ಆ ಜೀವ ಇಲ್ಲ ಅಂತ ತಾನೇ ನಾವು ಓದಿಕೊಳ್ಳುವುದು? ನಾವು ಹಾಲ್ ಬಿಟ್ಟು, ಲೈಬ್ರರಿಗೆ ಹೋಗುವ ಪ್ಯಾಸೇಜ್ ಆರಿಸಿಕೊಂಡೆವು. ಹಾರ, ಕುಂಕುಮ, ದೀಪ ಯಾವುದೂ ಬೇಡ ಅಂತ ಮೊದಲೇ ತೀರ್ಮಾನ ಮಾಡಿದೆವು. ಆ ಗೋಡೆಯಲ್ಲಿ ಮುಸ್ಲಿಂ, ಕ್ರೈಸ್ತ ಮನೆಗಳ ಹಿರಿಯರೂ ಇದ್ದಾರೆ. ಒಬ್ಬರಿಗೆ ಹಾರ ಹಾಕಿ ಇನ್ನೊಬ್ಬರಿಗೆ ಬಿಡುವುದು ಸರಿ ಕಾಣುವುದಿಲ್ಲ.

ಜಗಳ ಆಗಿದ್ದು ಬೇರೆ ವಿಷಯಕ್ಕೆ. ಕರ್ನಲ್ ಆಗಿದ್ದವರ ಫೋಟೊ ಮಧ್ಯದಲ್ಲಿ ದೊಡ್ಡದಾಗಿರಲಿ ಅಂತ ಒಬ್ಬರು ಪಟ್ಟು ಹಿಡಿದರು. ಆ ಹೊತ್ತಿಗೆ ಇನ್ನೊಂದು ಮನೆಯವರು ಫೋಟೊ ಕೊಡುವುದಕ್ಕೇ ಹಿಂಜರಿಯುತ್ತಿದ್ದರು. ಅವರ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಲೇಬರ್ ಕೋರ್‌ನಲ್ಲಿ, ಅಂದರೆ ಸೈನ್ಯದ ಕೂಲಿ ಕೆಲಸದ ಪಡೆಯಲ್ಲಿ, ಇದ್ದವರು. ಬ್ರಿಟಿಷ್ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯದು ಸಿಗುತ್ತಿತ್ತು, ಅವರಂಥ ಕೂಲಿಗಳಿಗೆ ಕಂಚಿನದು. "ನಮ್ಮದು ಕಂಚು, ಗೋಡೆಗೆ ಹಾಕುವಷ್ಟು ದೊಡ್ಡವರಲ್ಲ" ಅಂದರು ಆ ಮನೆಯ ಅಮ್ಮ. ಆ ಮಾತು ಕೇಳಿದ ಮೇಲೆ ಕಮಿಟಿ ಎಲ್ಲ ಫ್ರೇಮ್‌ಗಳಿಗೂ ಒಂದೇ ಅಳತೆ ಅಂತ ನಿಗದಿ ಮಾಡಿತು. ಕ್ರಮ ಫ್ಲಾಟ್ ನಂಬರ್ ಪ್ರಕಾರ. ಕರ್ನಲ್ ಮನೆಯವರೂ ಒಪ್ಪಿದರು.

ಇನ್ನೊಂದು. ನಮ್ಮಲ್ಲಿ ಒಬ್ಬರ ಅಜ್ಜ ಬ್ರಿಟಿಷರ ಸೈನ್ಯದಲ್ಲಿದ್ದವರು, ಮತ್ತೊಬ್ಬರ ಅಜ್ಜ ನೇತಾಜಿಯವರ ಆಜಾದ್ ಹಿಂದ್ ಫೌಜ್‌ನಲ್ಲಿ. 1944ರಲ್ಲಿ ಇಂಫಾಲ್ ಕಡೆ ಆ ಎರಡು ಪಡೆಗಳು ಎದುರುಬದುರಾಗಿದ್ದವು. ಪಕ್ಕಪಕ್ಕದಲ್ಲೇ ಹಾಕಬಹುದಾ ಅಂತ ಎರಡೂ ಮನೆಗೆ ಹೋಗಿ ಕೇಳಿದೆವು. ಇಬ್ಬರೂ ಹೂಂ ಅಂದರು. ಕೇಳದೆ ಹಾಕಿದ್ದರೆ ಏನಾಗುತ್ತಿತ್ತೋ.

ಕೊಡಗಿನಿಂದ ಒಬ್ಬರು
ನಮ್ಮ ಕಡೆ ಹಿರಿಯರನ್ನು ನೆನೆಯುವುದು ಅಶುಭ ಅಲ್ಲವೇ ಅಲ್ಲ. ಮದುವೆಯಲ್ಲೂ ಮೊದಲು ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುಕೋಣೆಯ) ದೀಪಕ್ಕೆ ಅಕ್ಕಿ ಹಾಕಿ ಕಾರಣವರನ್ನು, ಅಂದರೆ ಕುಲದ ಹಿರಿಯರನ್ನು, ನೆನೆದೇ ಮುಂದಿನ ಕೆಲಸ. ನಿಮ್ಮ ಮೀಟಿಂಗ್‌ನಲ್ಲಿ ಇದನ್ನೂ ಹೇಳಿ ನೋಡಿ. ಸಾಧ್ಯವಾದರೆ ಕಮಿಟಿಯವರನ್ನು ಮಡಿಕೇರಿಯ ಸನ್ನಿ ಸೈಡ್‌ಗೆ ಕರೆತನ್ನಿ. ಜನರಲ್ ತಿಮ್ಮಯ್ಯ ಅವರ ಮನೆ ಅದು, 2021ರಿಂದ ಮ್ಯೂಸಿಯಂ ಆಗಿದೆ. ಹುಟ್ಟಿ ಬೆಳೆದ ಮನೆಯಲ್ಲೇ ಅವರನ್ನು ನೋಡಿದ ಹಾಗಾಗುತ್ತದೆ. ಅಸಲಿ ಮೆಡಲ್‌ಗಳನ್ನು ಮಾತ್ರ ಕ್ಲಬ್‌ಹೌಸ್‌ನಲ್ಲಿ ಇಡಬೇಡಿ. ಹೋದರೆ ಮತ್ತೆ ಬರುವುದಿಲ್ಲ.

ಹಳೇ ಫೋಟೊ ಸ್ಕ್ಯಾನ್ ಮಾಡುವವರೊಬ್ಬರು
ಅಸಲಿ ಫೋಟೊನೂ ಗೋಡೆಗೆ ಬೇಡ. ಸ್ಕ್ಯಾನ್ ಮಾಡಿ, ಮ್ಯಾಟ್ ಪೇಪರ್‌ನಲ್ಲಿ ಪ್ರಿಂಟ್ ಹಾಕಿಸಿ, ಅಸಲಿಯನ್ನು ಅವತ್ತೇ ಮನೆಗೆ ವಾಪಸ್ ಕೊಡಿ. ಬಿಸಿಲು ಬೀಳುವ ಗೋಡೆ ಬೇಡ, ಸ್ವಿಮ್ಮಿಂಗ್ ಪೂಲ್ ಪಕ್ಕದ ತೇವದ ಗೋಡೆಯಂತೂ ಬೇಡವೇ ಬೇಡ.

ಹಳೇ ಕಟ್ಟಿನಲ್ಲಿ ಫೋಟೊ ಗಾಜಿಗೇ ಅಂಟಿಕೊಂಡಿರುತ್ತದೆ. ಕೀಳಲು ಹೋಗಬೇಡಿ, ಮುಖವೇ ಎದ್ದು ಬರುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬಿಡಿ ಫೋಟೊ ಆದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಸೀಲು, ಪೆನ್ಸಿಲ್‌ನಲ್ಲಿ ಬರೆದ ಊರಿನ ಹೆಸರು ಇರುವುದು ಅಲ್ಲೇ.

ಮೈಸೂರಿನಿಂದ ಒಬ್ಬರು
ಫೋಟೊ ಕೆಳಗೆ ಬರೆಯುವ ನಾಲ್ಕು ಸಾಲು ಸುಲಭ ಅಂದುಕೊಂಡಿದ್ದೆವು. ಅದಕ್ಕೇ ಜಾಸ್ತಿ ಸಮಯ ಹೋಯಿತು. ಒಂದು ಮನೆಯವರು, "ನಮ್ಮ ತಾತ ಮೈಸೂರು ಲ್ಯಾನ್ಸರ್ಸ್ ಜೊತೆ ಹೈಫಾದಲ್ಲಿ ಹೋರಾಡಿದವರು" ಅಂತ ಬರೆದುಕೊಟ್ಟರು. ಹೈಫಾ ಈಗಿನ ಇಸ್ರೇಲ್‌ನಲ್ಲಿದೆ. ಮೈಸೂರು ಸಂಸ್ಥಾನದ ಆ ಕುದುರೆ ಪಡೆ ಅಲ್ಲಿ ಕಾದಿದ್ದು ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು. ಅವರು ತಂದ ಡಬ್ಬಿಯಲ್ಲಿದ್ದದ್ದು ಆರು ಮೂಲೆಯ ನಕ್ಷತ್ರ, ಬರ್ಮಾ ಸ್ಟಾರ್. ಅದು ಎರಡನೇ ಮಹಾಯುದ್ಧದ್ದು. ಇದನ್ನು ಎಲ್ಲರ ಮುಂದೆ ಹೇಳಲಿಲ್ಲ. ಮನೆಗೇ ಹೋಗಿ, ಮೆಡಲ್ ಕೈಯಲ್ಲಿ ಹಿಡಿದು ತೋರಿಸಿದೆವು. ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ತಾತ ಬರ್ಮಾ ಕಾಡಿನ ಮಾತು ಹೇಳ್ತಿದ್ದಿದ್ದು ನಿಜಾನೇ" ಅಂದರು. ಈಗ ಅಲ್ಲಿ ಬರ್ಮಾ ಅಂತಲೇ ಇದೆ.

ಮೊದಲ ಮಹಾಯುದ್ಧದ ಮೆಡಲ್ ಇದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ನಂಬರು, ಹೆಸರು, ಪಡೆ ಕೊರೆದಿರುತ್ತಾರೆ. ಯುದ್ಧದಲ್ಲಿ ತೀರಿಕೊಂಡವರಾದರೆ, ಆ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹುಡುಕಬಹುದು. ನಮ್ಮ ಹೆಸರುಗಳನ್ನು ಅವರು ಕೇಳಿಸಿದ ಹಾಗೆ ಬರೆದಿದ್ದಾರೆ, ನಾಲ್ಕೈದು ಥರ ಸ್ಪೆಲ್ಲಿಂಗ್ ಹಾಕಿ ನೋಡಿ. ಬರ್ಮಾದ ರಂಗೂನ್ ಸ್ಮಾರಕ ಒಂದರಲ್ಲೇ ಸುಮಾರು 27 ಸಾವಿರ ಹೆಸರುಗಳಿವೆ.

ಒಂದು ಮಾತು ಮರೆತೆ. ಒಂದು ಫೋಟೊದಲ್ಲಿ ಅಜ್ಜ ಯೂನಿಫಾರ್ಮ್‌ನಲ್ಲಿ ಕೂತಿದ್ದಾರೆ, ಅಜ್ಜಿ ಕುರ್ಚಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ಡಿಸೈನ್ ಮಾಡುವ ಹುಡುಗ ಅಜ್ಜಿಯನ್ನು ಕ್ರಾಪ್ ಮಾಡಿ ಕಳಿಸಿದ್ದ. ಮನಿ ಆರ್ಡರ್ ದಾರಿ ಕಾಯುತ್ತಾ ಮೂರು ಮಕ್ಕಳನ್ನು ಸಾಕಿದವರು ಆಕೆ. ಪೂರ್ತಿ ಫೋಟೊನೇ ಹಾಕಿದೆವು, ಕೆಳಗೆ ಇಬ್ಬರ ಹೆಸರೂ ಬರೆದೆವು. ದಯವಿಟ್ಟು ಅಜ್ಜಿಯರನ್ನು ಕತ್ತರಿಸಬೇಡಿ.

ಕೇಳಿದವರಿಂದ ಮತ್ತೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಲ್ ಬಿಟ್ಟು ಮೆಟ್ಟಿಲ ಪಕ್ಕದ ಗೋಡೆ ನೋಡಿಕೊಂಡು ಬಂದೆ, ಅಲ್ಲಿ ಬಿಸಿಲೂ ಬೀಳುವುದಿಲ್ಲ. ನಾಳೆ ಸಂಜೆ ಎರಡನೇ ಮಹಡಿಯ ಅಜ್ಜಿಯ ಮನೆಗೆ ಹೋಗುತ್ತೇನೆ. ಸ್ಕ್ಯಾನರ್ ತಗೊಂಡು ಹೋಗಲ್ಲ. ಮೊದಲು ಅವರ ಮಾವನವರ ವಿಷಯ ಕೇಳಿಕೊಂಡು ಬರುತ್ತೇನೆ.