ಜಪಾನ್ ಕೇರ್‌ಗಿವರ್ ವೀಸಾ: ಎನ್4 ಒಂದೇ ಸಾಕಾ?

ಪ್ರಶ್ನೆ: ತಂಗಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದ್ದಾಳೆ, ಜಪಾನಿ ಭಾಷಾ ಪರೀಕ್ಷೆಯ ಎನ್4 ಹಂತ ಪಾಸಾಗಿದೆ. ಕೇರ್‌ಗಿವರ್ ಕೆಲಸದ ಎಸ್‌ಎಸ್‌ಡಬ್ಲ್ಯೂ (ನಿರ್ದಿಷ್ಟ ಕೌಶಲದ ಕೆಲಸಗಾರರ) ವೀಸಾಕ್ಕೆ ಇಷ್ಟು ಸಾಕಾ? ಗಂಡ, ಮಗುನೂ ಜೊತೆಗೇ ಹೋಗಬಹುದು ಅಂತಾನೆ ಏಜೆಂಟ್.

ಉತ್ತರ 1: ಸಾಲದು. ಆರೈಕೆ ಕ್ಷೇತ್ರಕ್ಕೆ ಇನ್ನೆರಡು ಪರೀಕ್ಷೆ ಇವೆ: ಕೌಶಲದ್ದು 45 ಪ್ರಶ್ನೆ, 60 ನಿಮಿಷ, ಆರೈಕೆಯ ಜಪಾನಿ ಭಾಷೆಯದ್ದು 15 ಪ್ರಶ್ನೆ, 30 ನಿಮಿಷ. ಎನ್4 ಇದ್ದವರೂ ಎರಡನೆಯದನ್ನು ಹಗುರವಾಗಿ ತಗೋಬಾರದು. ಹಾಸಿಗೆಯಲ್ಲಿ ಮಗ್ಗುಲು ಬದಲಿಸೋದು, ಊಟ ಮಾಡಿಸೋದು, ಸ್ನಾನ, ಇವುಗಳ ಪದಗಳನ್ನು ಬೇರೆಯಾಗೇ ಕಲೀಬೇಕು.

ಉತ್ತರ 2: ಏಜೆಂಟ್ ಮಾತು ನಂಬಬೇಡಿ. ಎಸ್‌ಎಸ್‌ಡಬ್ಲ್ಯೂ 1ರಲ್ಲಿ, ಅಂದರೆ ಈ ವೀಸಾದ ಮೊದಲ ಹಂತದಲ್ಲಿ, ಕುಟುಂಬಕ್ಕೆ ಅವಕಾಶವಿಲ್ಲ, ಒಟ್ಟು ಅವಧಿ ಸಾಮಾನ್ಯವಾಗಿ 5 ವರ್ಷ. ಆರೈಕೆಗೆ ಎರಡನೇ ಹಂತವಾದ ಎಸ್‌ಎಸ್‌ಡಬ್ಲ್ಯೂ 2 ಇಲ್ಲ. ಜಪಾನ್‌ನಲ್ಲಿ ಆರೈಕೆ ಕೆಲಸದಲ್ಲಿ 3 ವರ್ಷ ದುಡಿದು, ನಿಗದಿತ ತರಬೇತಿ ಮುಗಿಸಿ, ‘ಕೈಗೊ ಫುಕುಶಿಶಿ’ (ಪ್ರಮಾಣಿತ ಆರೈಕೆ ಕೆಲಸಗಾರ) ರಾಷ್ಟ್ರೀಯ ಪರೀಕ್ಷೆ ಪಾಸಾದರೆ ‘ಕೈಗೊ’ (ಆರೈಕೆ) ವೀಸಾಕ್ಕೆ ಬದಲಾಗಬಹುದು. ಕುಟುಂಬ ಕರೆಸಿಕೊಳ್ಳೋ ದಾರಿ ಅದು.

ಉತ್ತರ 1: ಇನ್ನೊಂದು, ಸಿಒಇ (ವೀಸಾಕ್ಕೆ ಮೊದಲು ಜಪಾನ್ ವಲಸೆ ಇಲಾಖೆ ಕೊಡೋ ಅರ್ಹತಾ ಪ್ರಮಾಣಪತ್ರ) ಕೈಗೆ ಬಂದ ಮೇಲೆ ತಡ ಬೇಡ. ಸಾಮಾನ್ಯವಾಗಿ ಅದರ ಅವಧಿ 3 ತಿಂಗಳು. ಅಷ್ಟರೊಳಗೆ ಜಪಾನ್ ತಲುಪಿರಬೇಕು.